ಅತ್ತೆಯ ಬಾಗಿಲಲ್ಲಿ ನನ್ನ ರಿಟರ್ನ್

ಈ ವರ್ಷ ನನ್ನ ಆದಾಯ ತೆರಿಗೆ ರಿಟರ್ನನ್ನು ನಾನೇ ಸಲ್ಲಿಸುತ್ತೇನೆ ಎಂದು ಘೋಷಿಸಿದಾಗ ಮನೆಯಲ್ಲಿ ಚಪ್ಪಾಳೆಯೇನೂ ಬೀಳಲಿಲ್ಲ. ಊಟದ ಮೇಜಿನ ಆಚೆ ಬದಿಯಿಂದ ನನ್ನ ಹೆಂಡತಿ ತಲೆಯೆತ್ತಿ, "ಯಾಕೆ, ತೆರಿಗೆ ಸಲಹೆಗಾರರಿಗೆ ಏನಾಯ್ತು? ಆರೋಗ್ಯವಾಗಿದಾರೆ ತಾನೆ?" ಎಂದು ಕೇಳಿದಳು.

"ಅವರಿಗೇನಾಗತ್ತೆ? ಗುಂಡುಕಲ್ಲಿನ ಹಾಗಿದಾರೆ. ಆದರೆ ಅವರು ಕೆಲಸ ಮಾಡೋ ರೀತಿ ನೋಡಿದೀಯಾ? ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಮೌಸ್! ಟಪ್ ಅಂತ ಒತ್ತಿ 'ಆಯ್ತು ಸಾರ್, ಹೋಗಿ ಬನ್ನಿ' ಅಂತಾರೆ. ಅಂತಿಮ ಪರಿಶೀಲನೆ ಅನ್ನೋದೇ ಇಲ್ಲ!"

"ಇಷ್ಟು ವರ್ಷದಲ್ಲಿ ಒಂದು ತಪ್ಪೂ ಆಗಿಲ್ವಲ್ಲ?"

"ಅದೇ ನನಗೆ ಅನುಮಾನ!"

ಅನುಮಾನ ನನ್ನ ಹೊಟ್ಟೆಪಾಡು. ನಾನು ಒಂದು ಬ್ಯಾಂಕಿನ ಗ್ರಾಹಕ ಸುರಕ್ಷತಾ ವಿಭಾಗದಲ್ಲಿದ್ದೇನೆ. ಜನ ಫೋನಿನಲ್ಲಿ ಮೋಸ ಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ನಿವೃತ್ತರ ಸಂಘಗಳಲ್ಲಿ, ಶಾಲೆಗಳಲ್ಲಿ, ವಸತಿ ಸಮುಚ್ಚಯಗಳ ಕೆಳಗಿನ ಹಾಲ್‌ಗಳಲ್ಲಿ ಗೋಡೆಯ ಮೇಲೆ ಚಿತ್ರ ತೋರಿಸಿ ಭಾಷಣ ಮಾಡುತ್ತೇನೆ. "ಕೋಡ್ ಕೇಳಿದವನು ಕಳ್ಳ! ಅವನು ನಿಮ್ಮ ಮಗನಾಗಿರಲಿ, ಅಳಿಯನಾಗಿರಲಿ!" ಎಂದು ನಾನು ಮೇಜು ಗುದ್ದಿದಾಗ ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಇಂಥ ನಾನು ನನ್ನ ರಿಟರ್ನನ್ನು ಕಾಫಿ ಕುಡಿಯುವವರ ಕೈಗೆ ಕೊಡುವುದೇ?

ಆದರೆ ಈ ಸಲದ ರಿಟರ್ನಿಗೆ ನನ್ನ ಹೆಂಡತಿಯ ಹಣೆಬರಹವೂ ಅಂಟಿಕೊಂಡಿತ್ತು. ಅವಳು ದಂತವೈದ್ಯೆ. ಇನ್ನಿಬ್ಬರ ಜೊತೆ ಒಂದೇ ಕ್ಲಿನಿಕ್ಕನ್ನು ಹಂಚಿಕೊಂಡು ವರ್ಷಗಟ್ಟಲೆ ದುಡಿದವಳು, ಈಗ ಸ್ವಂತ ಕೋಣೆಯೊಂದನ್ನು ಹುಡುಕಿಕೊಂಡಿದ್ದಳು. ಪರದೆ ಬಟ್ಟೆಯ ಅಂಗಡಿಯ ಮೇಲಿನ ಮಹಡಿ; ರಸ್ತೆಯ ಕಡೆ ಅಗಲವಾದ ಕಿಟಕಿ. ಆ ಅಂಗಡಿಯವರೇ ಕೋಣೆಯ ಮಾಲೀಕರು. ಬಾಡಿಗೆಗೆ ಜಾಮೀನು ನಿಲ್ಲುವವರು ಈ ವರ್ಷದ ರಿಟರ್ನ್ ಸಲ್ಲಿಸಿದ ರಸೀದಿ ತೋರಿಸಬೇಕು ಎಂದು ಅವರ ಷರತ್ತು. "ಅಮ್ಮನ್ನ ಕೇಳ್ಲಾ?" ಎಂದು ಹೆಂಡತಿ ಅಂದಾಗ ನಾನು ಎದೆ ತಟ್ಟಿಕೊಂಡು, "ನಾನು ಗುಂಡುಕಲ್ಲಿನ ಹಾಗೆ ಇರುವಾಗ ಅತ್ತೆಗೆ ಯಾಕೆ ತೊಂದರೆ?" ಎಂದಿದ್ದೆ. ಅಂದು ಗುಂಡುಕಲ್ಲುಗಳ ಸಂಖ್ಯೆ ನಮ್ಮ ಮನೆಯಲ್ಲಿ ಹೆಚ್ಚಾಗಿತ್ತು.

ರಿಟರ್ನ್ ತುಂಬುವುದು ಸುಲಭವಾಗಿತ್ತು. ಹೋದ ವರ್ಷ ಸಲಹೆಗಾರರು ಕೊಟ್ಟ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡೆ. ಸರ್ಕಾರದ ಜಾಲತಾಣವೇ ಬಹುಪಾಲು ಅಂಕಿ ತುಂಬಿಕೊಟ್ಟಿತು. ಕೆಲಸ ಇದ್ದಿದ್ದು ಅಂತಿಮ ಪರಿಶೀಲನೆಯಲ್ಲಿ. ಏನು ರುಚಿ ಅಂತೀರಿ ಅದರಲ್ಲಿ! ಒಂದೊಂದು ಖಾನೆಯ ಹಿಂದೆಯೂ ಒಂದೊಂದು ಲೋಕ! ಪಂದ್ಯದ ಕುದುರೆ ಸಾಕಿದವರಿಗೆ ಬೇರೆ ಖಾನೆಯಿದೆ ಎಂದು ನಿಮಗೆ ಗೊತ್ತಿತ್ತೆ? ನನಗೆ ಗೊತ್ತಿರಲಿಲ್ಲ. ಸೂಚನೆಗಳನ್ನು ಓದುತ್ತಾ ಕುಳಿತೆ. ಕುದುರೆಯ ಮೇವಿನ ಖರ್ಚು, ಕುದುರೆಯ ನಷ್ಟವನ್ನು ಮುಂದಿನ ವರ್ಷಕ್ಕೆ ಸಾಗಿಸುವ ಬಗೆ... ಲೋಕದಲ್ಲಿ ಯಾರೋ ಒಬ್ಬ ತನ್ನ ಸೋತ ಕುದುರೆಯನ್ನು ನೆನೆದು ಈ ಖಾನೆ ತುಂಬುತ್ತಿರುತ್ತಾನಲ್ಲ ಎಂದು ಯೋಚಿಸಿ ನನಗೆ ನಿಜವಾಗಿಯೂ ಬೇಜಾರಾಯಿತು.

ಹೆಂಡತಿ ಬೆನ್ನ ಹಿಂದೆ ಬಂದು ಏನೋ ಹೇಳುತ್ತಿದ್ದಳು. ಆಮೇಲೆ ನಿಲ್ಲಿಸಿ, "ನಮ್ಮನೇಲಿ ಕುದುರೆ ಇದೆಯಾ?" ಎಂದಳು.

"ಇಲ್ಲ."

"ತರೋ ಆಲೋಚನೆ ಇದೆಯಾ?"

"ಇದ್ದಿದ್ರೆ ಹೇಗೆ ಅಂತ..."

"ಒತ್ತಿಬಿಡಿ ಅದನ್ನ!"

ಒತ್ತಲಿಲ್ಲ. ಕೃಷಿ ಆದಾಯ ಇದೆಯೇ ಎಂಬ ಪ್ರಶ್ನೆ ಅಡ್ಡ ಬಂತು. ನಮ್ಮ ಬಾಲ್ಕನಿಯ ಕುಂಡದಲ್ಲಿ ಟೊಮೆಟೊ ಬಿಟ್ಟಿತ್ತು; ಅದರಲ್ಲಿ ಎದುರುಮನೆಯವರಿಗೆ ಒಂದಿಷ್ಟು ಕೊಟ್ಟಾಗ ಅವರು ನನಗೊಂದು ಛತ್ರಿ ಕೊಟ್ಟಿದ್ದರು. ಆ ಛತ್ರಿ ಕೃಷಿಯ ಆದಾಯವೋ, ಉಡುಗೊರೆಯೋ? ಎದುರುಮನೆಗೆ ಹೋಗಿ, "ನೀವು ಆ ಛತ್ರಿ ಯಾವ ಮನೋಭಾವದಿಂದ ಕೊಟ್ರಿ?" ಎಂದು ಕೇಳಿದೆ. ಅವರು ಒಳಗಿನಿಂದ ನನ್ನ ಟೊಮೆಟೊ ಬುಟ್ಟಿಯನ್ನು ತಂದು ವಾಪಸ್ಸು ಕೊಟ್ಟರು.

ಹೀಗೆ ಅಂತಿಮ ಪರಿಶೀಲನೆ, ಅದರ ಮೇಲೆ ಅಂತಿಮ ಪರಿಶೀಲನೆಯ ಪರಿಶೀಲನೆ, ಹಾಗೆ ವಾರಗಳು ಕಳೆದವು. ಆಮೇಲೊಂದು ಮಧ್ಯಾಹ್ನ ಹೆಂಡತಿ ಕೆಲಸದಿಂದ ಅರ್ಧಕ್ಕೇ ಎದ್ದು ಬಂದಳು. ಬಾಗಿಲಲ್ಲೇ ನಿಂತು ಬಲಭುಜವನ್ನು ಒತ್ತಿಕೊಳ್ಳುತ್ತಾ ಹೇಳಿದಳು:

"ಅಂಗಡಿಯವರು ಫೋನ್ ಮಾಡಿದ್ರು. ಕ್ಷೌರದಂಗಡಿಯವರೊಬ್ಬರು ಮುಂಗಡ ಹಿಡ್ಕೊಂಡು ನಿಂತಿದಾರಂತೆ. ಇವತ್ತು ಅಂಗಡಿ ಮುಚ್ಚೋದರೊಳಗೆ ರಸೀದಿ ಕೊಡದಿದ್ರೆ ಕೋಣೆ ಅವರಿಗೆ."

"ಇನ್ನೊಂದೇ ಒಂದು ಖಾನೆ. ನೋಡು, ಇಲ್ಲಿ ಕೇಳಿದಾರೆ: ಈ ರಿಟರ್ನ್ ಸಲ್ಲಿಸ್ತಿರೋದು ಸ್ವತಃ ನೀವೋ, ಅಥವಾ ತೀರಿಹೋದವರ ಪರವಾಗಿ ಬೇರೆಯವರೋ?"

"ಈಗ ಒತ್ತದಿದ್ರೆ ಆ ಎರಡನೇದಕ್ಕೆ ನಾನೇ ಗುರುತು ಹಾಕ್ತೀನಿ!" ಎಂದಳು.

ನಾನು ಪ್ರತಿಯೊಂದು ಅಂಕಿಯನ್ನೂ ಹಳೆಯ ಪ್ರತಿಯ ಜೊತೆ ಕೊನೆಯ ಸಲ ತಾಳೆ ನೋಡಿದೆ. ಏನು ಹೊಂದಾಣಿಕೆ! ಸಂಬಳ ತಾಳೆ, ಬಡ್ಡಿ ತಾಳೆ, ವಿಮೆ ತಾಳೆ! ಒಂದು ಪೈಸೆ ಆಚೀಚೆ ಇಲ್ಲ. ಗುಂಡಿ ಒತ್ತಿದೆ. ಪರದೆಯ ಮೇಲೆ, ನಿಮ್ಮ ಮೊಬೈಲಿಗೆ ಒಂದು ಕೋಡ್ ಕಳಿಸಲಾಗಿದೆ, ನಮೂದಿಸಿ ಎಂದು ಬಂತು. ನನ್ನ ಮೊಬೈಲ್ ಕೈಯಲ್ಲೇ ಇತ್ತು. ಅದರ ಪಾಡಿಗೆ ಅದು ತೆಪ್ಪಗಿತ್ತು. ಪರದೆಯನ್ನು ಮತ್ತೆ ನೋಡಿದೆ. ಕೋಡ್ ಹೋದ ನಂಬರಿನ ಕೊನೆಯ ಅಂಕಿಗಳು ನನ್ನವಲ್ಲ!

"ಮೋಸ!" ಎಂದು ಕೂಗಿದೆ. "ಯಾರೋ ನನ್ನ ಖಾತೆಗೆ ಕನ್ನ ಹಾಕಿದಾರೆ!"

ಅಭ್ಯಾಸಬಲದಿಂದ ನಮ್ಮ ಬ್ಯಾಂಕಿನ ಸಹಾಯವಾಣಿಗೇ ಫೋನ್ ಮಾಡಿದೆ. ಮನುಷ್ಯರು ಸಿಗಲಿಲ್ಲ. ಗಂಭೀರವಾದ ಒಂದು ಧ್ವನಿ, "ನಮಸ್ಕಾರ. ಗಾಬರಿಪಡಬೇಡಿ. ಗಾಬರಿಯೇ ಕಳ್ಳರ ಬಂಡವಾಳ..." ಎಂದು ಶುರುಮಾಡಿ ಮುಗಿಸುವ ಲಕ್ಷಣವೇ ಕಾಣಲಿಲ್ಲ.

"ಯಾರಿದು ಹೀಗೆ ಕೊರೀತಿರೋದು?" ಎಂದಳು ಹೆಂಡತಿ.

"ನಾನೇ," ಎಂದೆ. ಆ ಧ್ವನಿಮುದ್ರಣಕ್ಕೆ ಅಂದು ಆಫೀಸಿನಲ್ಲಿ ಎಲ್ಲರೂ ನನ್ನ ಕೈ ಕುಲುಕಿದ್ದರು. ಗಾಬರಿಯಾದವನಿಗೆ ಅದು ಎಷ್ಟು ಉದ್ದ ಎಂದು ಈಗ ತಿಳಿಯಿತು.

ಅಷ್ಟರಲ್ಲಿ ಹೆಂಡತಿ ಪರದೆಗೆ ಬಗ್ಗಿ ನೋಡಿ, "ಇದು ನಮ್ಮಮ್ಮನ ನಂಬರ್ ಅಲ್ವಾ?" ಎಂದಳು.

ನೆನಪಾಯಿತು. ಅತ್ತೆಯ ಫೋನ್ ನೀರಿನ ಬಕೆಟ್ಟಿಗೆ ಬಿದ್ದು ಸತ್ತಾಗ, ನನ್ನ ಹಳೆಯ ಫೋನನ್ನು ನಂಬರ್ ಸಮೇತ ಅವರಿಗೆ ಕೊಟ್ಟು ನಾನು ಹೊಸದು ತಗೊಂಡಿದ್ದೆ. ಬ್ಯಾಂಕು, ವಿಮೆ, ಹಾಲಿನವನು, ಎಲ್ಲರಿಗೂ ಹೊಸ ನಂಬರ್ ಕೊಟ್ಟಿದ್ದೆ. ತೆರಿಗೆ ಇಲಾಖೆಗೆ ಕೊಟ್ಟಿರಲಿಲ್ಲ. ಕುದುರೆಯ ಖಾನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವನು ಮೊದಲ ಪುಟದ ಫೋನ್ ನಂಬರನ್ನು ನೋಡಿರಲಿಲ್ಲ!

"ಇಷ್ಟೇನಾ!" ಎಂದು ನಿಟ್ಟುಸಿರುಬಿಟ್ಟು ಅತ್ತೆಗೆ ಫೋನ್ ಮಾಡಿದೆ. ನನ್ನ ಅತ್ತೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿದ್ದೆಯ ನಾಟಕ ಆಡುವವರನ್ನು, ಶೌಚಾಲಯದಲ್ಲಿ ಅಡಗಿದವರನ್ನು, 'ಟಿಕೆಟ್ ನಮ್ಮ ಚಿಕ್ಕಪ್ಪನ ಹತ್ರ ಇದೆ' ಎನ್ನುವವರನ್ನು ಹಿಡಿದು ಹಿಡಿದು ಅವರ ಕಣ್ಣು ಪಳಗಿಹೋಗಿತ್ತು. ಅವರೂ ನಾನೂ ಬಹಳ ಗೌರವದಿಂದ ಇರುವವರು. ಮದುವೆಯಾದಾಗಿನಿಂದ ಅವರು ನನ್ನನ್ನು ಒಂದು ಸಲವೂ ಏಕವಚನದಲ್ಲಿ ಕರೆದವರಲ್ಲ.

"ಅತ್ತೆ, ನಿಮ್ಮ ಫೋನಿಗೆ ಒಂದು ಕೋಡ್ ಬಂದಿರತ್ತೆ. ಸ್ವಲ್ಪ ಓದಿ ಹೇಳ್ತೀರಾ?"

"ಯಾರು ಮಾತಾಡೋದು?"

"ನಾನು, ನಿಮ್ಮ ಅಳಿಯ."

"ಹಾಗೆ ಹೇಳ್ಕೊಂಡು ಬರ್ತಾರೆ ಅಂತ ನಮ್ಮ ಅಳಿಯಂದಿರು ಹೇಳಿದಾರೆ."

"ಆ ಅಳಿಯನೇ ನಾನು!"

"ಹಾಗೂ ಹೇಳ್ತಾರೆ ಅಂತ ಹೇಳಿದಾರೆ."

"ಅಯ್ಯೋ, ಫೋನಿನ ಮೇಲೆ ನನ್ನ ಹೆಸರು ಬಂದಿಲ್ವಾ?"

"ಹೆಸರನ್ನೂ ನಕಲು ಮಾಡ್ತಾರಂತೆ. ಗೋಡೆ ಮೇಲೆ ಚಿತ್ರ ಹಾಕಿ ತೋರಿಸಿದಾರೆ."

"ನನ್ನ ಧ್ವನಿ ನಿಮಗೆ ಗೊತ್ತಾಗಲ್ವಾ ಅತ್ತೆ?"

"ನಮ್ಮ ಅಳಿಯಂದಿರ ಧ್ವನಿ ಬ್ಯಾಂಕಿಗೆ ಫೋನ್ ಮಾಡಿದ ಊರೋರಿಗೆಲ್ಲ ಗೊತ್ತು. ಅದನ್ನ ಕದಿಯೋದು ಏನು ಮಹಾ! ಸರಿ, ನೀನು ಅಷ್ಟು ದೊಡ್ಡ ಅಳಿಯ ಆಗಿದ್ರೆ ಹೇಳು: ನನ್ನ ಮಗಳಿಗೆ ಯಾವ ಬಣ್ಣ ಕಂಡರೆ ಆಗಲ್ಲ?"

'ನೀನು'! 'ಹೇಳು'! ಆ ಗಡಿಬಿಡಿಯಲ್ಲಿ ಬಾಯಿಗೆ ಬಂದಿದ್ದನ್ನು, "ಹಸಿರು!" ಎಂದುಬಿಟ್ಟೆ. ಎದುರಿಗೆ ಹೆಂಡತಿ ತಲೆಯಿಂದ ಕಾಲಿನವರೆಗೆ ಹಸಿರು ಉಟ್ಟು ನಿಂತಿದ್ದಳು. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಫೋನ್ ಕಸಿದುಕೊಂಡು, "ಅಮ್ಮಾ, ನಾನಮ್ಮಾ..." ಎಂದಳು.

"ಗಂಡಿನ ಧ್ವನಿ ಸೋತ ಕೂಡ್ಲೇ ಹೆಣ್ಣಿನ ಧ್ವನಿ! ಇದೂ ಆ ಭಾಷಣದಲ್ಲಿ ಬಂದಿತ್ತು!" ಎಂದ ಅತ್ತೆ ಫೋನ್ ಇಟ್ಟರು. ಮತ್ತೆ ಮಾಡಿದರೆ ಹೋಗಲಿಲ್ಲ. ಅನುಮಾನದ ನಂಬರನ್ನು ತಕ್ಷಣ ತಡೆಹಿಡಿಯುವುದು ಹೇಗೆ ಎಂದು ಅವರ ಪಕ್ಕದಲ್ಲಿ ಕೂತು, ಬೆರಳು ಹಿಡಿದು ಕಲಿಸಿದವನು ನಾನೇ.

"ಏಳಿ," ಎಂದಳು ಹೆಂಡತಿ. "ನಾನು ನನ್ನ ಫೋನಿಂದ ಮಾಡಿದ್ರೂ ಇದೇ ಕಥೆ. ಹೋಗೋದೇ ಸರಿ. ಲ್ಯಾಪ್‌ಟಾಪ್ ತಗೊಳ್ಳಿ."

ಅವಳು ಸ್ಕೂಟರ್ ಓಡಿಸಿದಳು. ನಾನು ಹಿಂದೆ, ತೊಡೆಯ ಮೇಲೆ ತೆರೆದ ಲ್ಯಾಪ್‌ಟಾಪ್. ಮುಚ್ಚಿದರೆ ಜಾಲತಾಣ ನನ್ನನ್ನು ಹೊರಗೆ ಹಾಕುತ್ತದೆ, ಸುಮ್ಮನೆ ಬಿಟ್ಟರೂ ಹಾಕುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಅದನ್ನು ಬೆರಳಿನಿಂದ ಸವರುತ್ತಲೇ ಇದ್ದೆ. ಕೆಂಪು ದೀಪದಲ್ಲಿ ನಿಂತಾಗ ಪಕ್ಕದ ಸ್ಕೂಟರಿನವನು ಕತ್ತು ಚಾಚಿ ನನ್ನ ಒಟ್ಟು ಆದಾಯವನ್ನು ಪೂರ್ತಿ ಓದಿದ. ಆಮೇಲೆ ನನ್ನ ಮುಖ ನೋಡಿ, "ಇರಲಿ ಬಿಡಿ ಸಾರ್," ಎಂದು ಸಮಾಧಾನ ಹೇಳಿ ಹೋದ.

ಅತ್ತೆಯ ಬಾಗಿಲಿಗೆ ಒಂದು ಇಣುಕುಕಿಂಡಿ, ಒಂದು ಸರಪಳಿ. ಎರಡೂ ನನ್ನ ಸಲಹೆಯ ಮೇಲೆ ಹಾಕಿಸಿದ್ದು. ಕಿಂಡಿಯಲ್ಲಿ ಕಣ್ಣು ಕಾಣಿಸಿತು. ಸರಪಳಿಯಷ್ಟು ಬಾಗಿಲು ತೆರೆಯಿತು.

"ನೀನು ಬಾ," ಎಂದು ಮಗಳನ್ನು ಒಳಗೆ ಬಿಟ್ಟುಕೊಂಡರು. ನಾನು ಹಿಂದೆಯೇ ಕಾಲಿಟ್ಟೆ. "ನೀನು ಅಲ್ಲೇ ಇರು!" ಸರಪಳಿ ಮತ್ತೆ ಬಿತ್ತು.

"ಅಮ್ಮಾ, ಅವರು ನಮ್ಮವರೇ," ಎಂದಳು ಹೆಂಡತಿ ಒಳಗಿನಿಂದ.

"ಜೊತೇಲಿರೋರು ಸಾಕ್ಷಿ ಹೇಳಿದ ಮಾತ್ರಕ್ಕೆ ಅದು ಟಿಕೆಟ್ ಆಗಲ್ಲ. ಮುಖ ನಕಲು ಮಾಡ್ತಾರೋ ಇಲ್ವೋ, ಕೇಳು ಅವರನ್ನ."

"ಫೋನಲ್ಲಿ ಮಾಡ್ತಾರೆ ಅತ್ತೆ! ಬಾಗಿಲಲ್ಲಿ ಹೇಗೆ ಮಾಡ್ತಾರೆ?" ಎಂದು ಗೋಗರೆದೆ. ಎದುರುಬಾಗಿಲು ಕಿರ್ರೆಂದಿತು, ಯಾರೋ ನೋಡಿ ಮುಚ್ಚಿಕೊಂಡರು. ಅತ್ತೆಗೆ ನಾನು ಯಾರೆಂದು ಚೆನ್ನಾಗಿ ಗೊತ್ತಿದೆ ಎಂಬ ಅನುಮಾನ ನನಗೆ ಆಗಲೇ ಬಂತು. ಹಾಗಿದ್ದರೆ ಇದೇನು ಪರೀಕ್ಷೆ? ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಯಿತು.

"ಒಂದೇ ಪ್ರಶ್ನೆ," ಎಂದರು ಸಂದಿಯಿಂದ. "ನನ್ನ ಮಗಳು ಇಷ್ಟು ವರ್ಷ ಇದ್ದ ಜಾಗ ಬಿಟ್ಟು ಸ್ವಂತ ಕೋಣೆ ಯಾಕೆ ಕೇಳ್ತಿದಾಳೆ?"

"ಸ್ವಂತ ಹೆಸರಿನ ಫಲಕ ಇರಲಿ ಅಂತ."

"ಅಲ್ಲ."

"ಮನೆಗೆ ಹತ್ತಿರ ಆಗತ್ತೆ ಅಂತ."

"ದೂರ ಆಗತ್ತೆ!" ಒಳಗಿನಿಂದ ಹೆಂಡತಿಯ ಧ್ವನಿ.

"ಜೊತೆಗಿರೋರ ಹತ್ರ ಜಗಳ?"

"ಅಲ್ಲ."

ತಲೆ ಕೆರೆದುಕೊಂಡೆ. ಲ್ಯಾಪ್‌ಟಾಪನ್ನು ಸವರಿದೆ. ಪಂದ್ಯದ ಕುದುರೆ ಸಾಕುವವನ ಕಷ್ಟವೆಲ್ಲ ನನಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. "ಗೊತ್ತಿಲ್ಲ ಅತ್ತೆ," ಎಂದು ಕೈಚೆಲ್ಲಿದೆ.

ಸರಪಳಿ ಕಳಚಿತು. ಬಾಗಿಲು ಪೂರ್ತಿ ತೆರೆಯಿತು.

"ಬನ್ನಿ, ಬನ್ನಿ ಒಳಗೆ. ನೀವು ನಮ್ಮ ಅಳಿಯಂದಿರೇ. ಕಳ್ಳ ಆಗಿದ್ರೆ ತಿಳ್ಕೊಂಡು ಬಂದಿರ್ತಿದ್ದ!"

ಒಳಗೆ ಹೋದೆ. ಹೆಂಡತಿ ಸೋಫಾದ ತುದಿಯಲ್ಲಿ ಕೂತು ಬಲಭುಜವನ್ನು ಒತ್ತಿಕೊಳ್ಳುತ್ತಿದ್ದಳು. "ಯಾಕೆ ಕೋಣೆ?" ಎಂದು ಕೇಳಿದೆ. ಈ ಸಲ ನಿಜವಾಗಿಯೂ ತಿಳಿಯಬೇಕಾಗಿತ್ತು.

"ನಾನು ಎಡಚಿ ಅಲ್ವಾ? ಅಲ್ಲಿರೋ ಕುರ್ಚಿ, ದೀಪ, ಡ್ರಿಲ್ಲು, ಉಗುಳೋ ಬಟ್ಟಲು ಎಲ್ಲಾ ಬಲಗೈಯೋರಿಗೆ ಅಂತ ಜೋಡಿಸಿರೋದು. ಮೂರು ಜನರ ಕುರ್ಚಿ, ನನ್ನೊಬ್ಬಳಿಗೋಸ್ಕರ ತಿರುಗಿಸೋಕಾಗಲ್ಲ. ಡ್ರಿಲ್ಲಿನ ತಂತಿ ರೋಗಿ ಎದೆ ಮೇಲಿಂದ ಎಳ್ಕೊಂಡು, ಸೊಂಟ ತಿರುಚಿ, ಬಲಗೈ ಊರ್ಕೊಂಡು ಕೆಲಸ ಮಾಡ್ತೀನಿ. ಎಡಗೈಗೆ ಜೋಡಿಸಿರೋ ಕುರ್ಚಿ ಒಂದು ಸಿಗತ್ತೆ. ಅದನ್ನ ಇಡೋಕೆ ನನ್ನದೇ ಅಂತ ನಾಲ್ಕು ಗೋಡೆ ಬೇಕು, ಅಷ್ಟೇ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ದೆ. ನೀವು ಕುದುರೆ ವಿಷಯ ಓದ್ತಿದ್ರಿ."

ನನಗೆ ನಾಚಿಕೆಯಾಯಿತು. ಅವಳು ಎಡಗೈಯಲ್ಲಿ ಬರೆಯುವುದನ್ನು, ಬಡಿಸುವುದನ್ನು ದಿನವೂ ನೋಡಿದ್ದೇನೆ. ಆ ಕೈಗೆ ಹೊರಗೆ ಜಾಗವಿದೆಯೇ ಎಂದು ಒಂದು ದಿನವೂ ಕೇಳಿದವನಲ್ಲ. ಆ ಕೋಣೆ ಕ್ಷೌರದಂಗಡಿಯ ಪಾಲಾಗಬಾರದು ಎಂದು ನನಗೆ ಆ ಕ್ಷಣದಲ್ಲಿ ಅನ್ನಿಸಿದಷ್ಟು ಜೋರಾಗಿ ಯಾವತ್ತೂ ಏನೂ ಅನ್ನಿಸಿರಲಿಲ್ಲ.

"ಅತ್ತೆ, ಕೋಡ್!" ಎಂದೆ. ಹಳೆಯದು ಅವಧಿ ಮೀರಿ ಸತ್ತಿತ್ತು. ಹೊಸದು ತರಿಸಿದೆ. ಅತ್ತೆ ಕನ್ನಡಕ ಏರಿಸಿ ಒಂದೊಂದೇ ಅಂಕಿ ಓದಿದರು. ಒತ್ತಿದೆ. ಯಶಸ್ವಿಯಾಗಿ ಸಲ್ಲಿಸಲಾಗಿದೆ! ಪರದೆ ತುಂಬ ಹಸಿರು ಗುರುತು! ರಸೀದಿ ಕಣ್ಣಮುಂದೆ! ನಾನು ಮೀಸೆ ಇಲ್ಲದಿದ್ದರೂ ಅದರ ಜಾಗವನ್ನು ತಿರುವಿದೆ.

"ಎಲ್ಲಿ, ತೋರ್ಸಿ," ಎಂದು ಅತ್ತೆ ಕೈಚಾಚಿದರು. ಟಿಕೆಟ್ ಕೇಳುವ ಕೈ ಅದು, ತೋರಿಸಲೇಬೇಕು. ಅವರು ಹೆಸರು ನೋಡಲಿಲ್ಲ, ಮೊತ್ತ ನೋಡಲಿಲ್ಲ. ನೇರವಾಗಿ ಮೇಲಿನ ಮೂಲೆಗೆ ಕಣ್ಣು ಹಾಯಿಸಿದರು.

"ಟಿಕೆಟ್ ಚೆನ್ನಾಗಿದೆ," ಎಂದರು. "ರೈಲು ಹೋಗಿ ಒಂದು ವರ್ಷ ಆಯ್ತು."

ನೋಡಿದೆ. ಹೋದ ವರ್ಷದ ರಿಟರ್ನ್! ಶುರುವಿನಲ್ಲಿ, ಕೈ ಕುದುರಲಿ ಎಂದು ಅಭ್ಯಾಸಕ್ಕಾಗಿ ಹೋದ ವರ್ಷವನ್ನು ಆರಿಸಿಕೊಂಡಿದ್ದೆ. ಅಲ್ಲಿಂದ ಹೊರಗೆ ಬರುವುದನ್ನು ಮರೆತಿದ್ದೆ. ಹೋದ ವರ್ಷದ ಅಂಕಿಗಳನ್ನು ಹೋದ ವರ್ಷದ ಪ್ರತಿಯ ಜೊತೆ ವಾರಗಟ್ಟಲೆ ತಾಳೆ ನೋಡಿದ್ದೆ. ತಾಳೆಯಾಗದೆ ಇನ್ನೇನಾಗುತ್ತದೆ! ಸಲಹೆಗಾರರು ಸರಿಯಾಗಿ ಸಲ್ಲಿಸಿದ್ದನ್ನು ನಾನು ಇನ್ನೊಂದು ಸಲ ಸರಿಯಾಗಿ ಸಲ್ಲಿಸಿದ್ದೆ. ಈ ವರ್ಷದ ಸಂಬಳದ ಪತ್ರ ಆಫೀಸಿನ ಕಪಾಟಿನಲ್ಲಿತ್ತು, ಕಪಾಟಿನ ಬೀಗದ ಕೈ ರಜೆಯಲ್ಲಿರುವ ಸಹೋದ್ಯೋಗಿಯ ಜೇಬಿನಲ್ಲಿತ್ತು.

ಹೆಂಡತಿ ಬೈಯಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅತ್ತೆ ಒಳಗೆ ಹೋಗಿ ಒಂದು ಹಾಳೆ ಹಿಡಿದುಕೊಂಡು ಬಂದರು. ಅವರ ಪಿಂಚಣಿಯ ರಿಟರ್ನಿನ ರಸೀದಿ; ಈ ವರ್ಷದ್ದೇ. ಕೌಂಟರಿನ ಕಿಟಕಿ ತೆರೆದ ದಿನವೇ ಟಿಕೆಟ್ ತಗೊಳ್ಳುವವರ ಪೈಕಿ ಅವರು. "ನಡಿ, ನಾನು ಜಾಮೀನು ನಿಲ್ತೀನಿ," ಎಂದು ಮಗಳ ಹೆಗಲು ತಟ್ಟಿದರು. "ಅಳಿಯಂದಿರು ಮೊದಲೇ ಬೇಡ ಅನ್ನದಿದ್ರೆ ಇಷ್ಟು ಓಡಾಟ ಇರ್ತಿರ್ಲಿಲ್ಲ."

ತಾಯಿ ಮಗಳು ಸ್ಕೂಟರ್ ಹತ್ತಿ ಹೊರಟರು. ಸ್ಕೂಟರಿನಲ್ಲಿ ಮೂರನೆಯವನಿಗೆ ಜಾಗವಿರಲಿಲ್ಲ, ಇದ್ದಿದ್ದರೂ ಕರೆಯುತ್ತಿರಲಿಲ್ಲ. ನಾನು ಅತ್ತೆಯ ಸೋಫಾದ ಮೇಲೆ, ಹೋದ ವರ್ಷದ ರಸೀದಿಯನ್ನು ನೋಡುತ್ತಾ ಕುಳಿತೆ. ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಚಾರ್ಜಿಗಿಟ್ಟಿದ್ದ ಅತ್ತೆಯ ಫೋನ್ ಬಡಿದುಕೊಂಡಿತು. ಆ ಗಡಿಬಿಡಿಯಲ್ಲಿ ಅದನ್ನು ಬಿಟ್ಟು ಹೋಗಿದ್ದರು. ಎತ್ತಿದರೆ ಹೆಂಡತಿಯ ಧ್ವನಿ.

"ರೀ, ಒಪ್ಪಂದ ಎಲ್ಲಾ ತಯಾರಾಗಿದೆ. ಅಂಗಡಿಯವರು ಅಮ್ಮನ ಫೋನಿಗೆ ಒಂದು ಕೋಡ್ ಕಳಿಸಿದಾರೆ. ಅದೊಂದು ಹಾಕಿಬಿಟ್ರೆ ಕೋಣೆ ನಮ್ಮದು. ಬೇಗ ಓದಿ ಹೇಳಿ, ಷಟರ್ ಎಳೀತಿದಾರೆ!"

ಕೋಡ್ ಪರದೆಯ ಮೇಲೆ ಹೊಳೆಯುತ್ತಿತ್ತು. ಆದರೆ ನನ್ನೊಳಗಿನ ಸುರಕ್ಷತಾ ವಿಭಾಗ ಇನ್ನೂ ಸತ್ತಿರಲಿಲ್ಲ. ಇಂದು ಇಷ್ಟೊಂದು ಪರೀಕ್ಷೆ ಎದುರಿಸಿದವನು ನಾನು. ನನಗೂ ಒಂದು ಅವಕಾಶ ಬೇಡವೇ?

"ನೀನು ನನ್ನ ಹೆಂಡತೀನೇ ಅಂತ ಏನು ಗ್ಯಾರಂಟಿ?" ಎಂದೆ, ಧ್ವನಿ ಗಡುಸು ಮಾಡಿಕೊಂಡು. "ಒಂದು ಪ್ರಶ್ನೆ ಕೇಳ್ತೀನಿ. ಅವಳಿಗೆ ಮಾತ್ರ ಗೊತ್ತಿರೋದು."

"ಕೇಳಿ ಬೇಗ!"

ಹುಡುಕಿದೆ. ಅವಳಿಗೆ ಇಷ್ಟದ ಬಣ್ಣ? ಓದಿದ ಶಾಲೆ? ಆತ್ಮೀಯ ಗೆಳತಿ? ಪ್ರಶ್ನೆಗಳಿಗೇನು ಬರ! ಆದರೆ ಬಂದ ಉತ್ತರ ಸರಿಯೋ ತಪ್ಪೋ ಎಂದು ಹೇಳಲು ಅದು ನನಗೂ ಗೊತ್ತಿರಬೇಕಲ್ಲ.

"ಹಲೋ? ಏನು ಪ್ರಶ್ನೆ?"

"ಏನು ಕೇಳ್ಬೇಕು ಅಂತ ನೀನೇ ಒಂದು ಹೇಳು," ಎಂದೆ ಮೆಲ್ಲಗೆ. "ಉತ್ತರ ನನಗೂ ಗೊತ್ತಿರೋ ಅಂಥದ್ದು."

ಆಚೆ ಕಡೆ ಅವಳು ಯೋಚಿಸಿದಳು. ಷಟರ್ ಕೆಳಗಿಳಿಯುವ ಸದ್ದು ಕೇಳಿಸಿತು. ಅವಳು ಇನ್ನೂ ಯೋಚಿಸುತ್ತಲೇ ಇದ್ದಳು. ನಾನು ಕೋಡ್ ಓದಿಬಿಟ್ಟೆ.